ಬಿದ್ದ ಮನೆ ಮಾತಾಡಿಸುವ ನಮ್ಮತ್ತೆ

ನಮ್ಮತ್ತೆಯ ಜೊತೆ ಪ್ರವಾಸಕ್ಕೆ ಹೊರಡುವವರು ಎರಡು ಟವೆಲ್ಲು ಇಟ್ಟುಕೊಂಡಿರಬೇಕು. ಒಂದು ಅವರ ಕಣ್ಣೊರೆಸುವುದಕ್ಕೆ, ಇನ್ನೊಂದು ನಿಮ್ಮ ಮುಖ ಮುಚ್ಚಿಕೊಳ್ಳುವುದಕ್ಕೆ. ಚೀಲದಲ್ಲಿ ಒಂದಕ್ಕೇ ಜಾಗವಿದ್ದರೆ ಎರಡನೆಯದನ್ನೇ ತನ್ನಿ. ಮದುವೆಯಾಗಿ ಮಹಾರಾಷ್ಟ್ರದ ಗಡಿಯ ಜತ್ತಿಗೆ ಬಂದಾಗಿನಿಂದ ಅವರ ಜೊತೆ ಬೇಕಾದಷ್ಟು ಊರು ತಿರುಗಿದ್ದೇನೆ, ಬೇಕಾದಷ್ಟು ಸಲ ಮುಖವನ್ನೂ ಮುಚ್ಚಿಕೊಂಡಿದ್ದೇನೆ.

ಹಾಗೆಂದು ನಮ್ಮತ್ತೆ ಜಗಳಗಂಟಿ ಎಂದು ತಿಳಿಯಬೇಡಿ. ಮನೆಯಲ್ಲಿದ್ದಾಗ ಅವರಷ್ಟು ಚೊಕ್ಕ ಮನುಷ್ಯರು ಇಡೀ ಓಣಿಯಲ್ಲಿ ಸಿಗುವುದಿಲ್ಲ. ತೊಂದರೆ ಶುರುವಾಗುವುದು ಹಳೆಯ ಗುಡಿಯೋ ಕೋಟೆಯೋ ಕಣ್ಣಿಗೆ ಬಿದ್ದಾಗ. ಲೋಕದ ಜನವೆಲ್ಲ ಹಾಳುಬಿದ್ದ ಜಾಗಗಳನ್ನು ನೋಡಲು ಹೋಗುತ್ತಾರೆ. ನಮ್ಮತ್ತೆ ಮಾತಾಡಿಸಲು ಹೋಗುತ್ತಾರೆ!

ಮಾತಾಡಿಸುವುದೆಂದರೆ ನಮ್ಮ ಕಡೆ ಏನೆಂದು ಹೇಳಿಬಿಡುತ್ತೇನೆ. ಯಾರದಾದರೂ ಮನೆಯಲ್ಲಿ ಸಾವಾದರೆ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ತಲೆಯ ಮೇಲೆ ಸೆರಗು ಹೊದ್ದು ಕೂತು, ಹೆಂಗಾತು, ಯಾವಾಗಾತು ಎಂದು ಕೇಳುತ್ತಾರೆ. ಅವರು ಅತ್ತರೆ ತಾವೂ ಒಂದಿಷ್ಟು ಅಳುತ್ತಾರೆ. ಬರುವಾಗ 'ಹೋಗಿ ಬರ್ತೀವಿ' ಅನ್ನುವುದಿಲ್ಲ, ಸುಮ್ಮನೆ ಎದ್ದು ಬರುತ್ತಾರೆ. ಇಷ್ಟೂ ಪದ್ಧತಿಯನ್ನು ನಮ್ಮತ್ತೆ ಮುರಿದ ಕಂಬ, ಒರಗಿದ ಗೋಡೆ, ಚಾವಣಿಯಿಲ್ಲದ ಗುಡಿಗಳಿಗೂ ಚಾಚೂ ತಪ್ಪದೆ ನಡೆಸುತ್ತಾರೆ.

ಒಮ್ಮೆ ಕೇಳಿದ್ದೆ. "ಅತ್ತಿ, ಎಲ್ಲಾರೂ ಹೆಂಗ ನೋಡ್ತಾರ ಹಂಗ ನೋಡಿ ಬರಬಾರದೇನ್ರಿ?"

"ಮನಿ ಬಿದ್ದೈತಿ ಅಂದ್ರ ಏನೋ ಆಗೇತಿ ಅಂತ ಅಲ್ಲೇನು? ಅದರ ಮುಂದ ನಿಂತು ಫೋಟೋ ತಗಸ್ಕೊಂಡು, ಐಸ್‌ಕ್ರೀಮ್ ತಿಂದು ಬರೂದು ಯಾವ ಶಾಣ್ಯಾತನ?" ಅಂದರು.

ಹಂಪಿಗೆ ಹೋದಾಗಿನ ಕಥೆ ಕೇಳಿ. ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡಿದ್ದೆವು. ಅವರು ಇನ್ನೂ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಮ್ಮತ್ತೆ ಸೆರಗು ಹೊದ್ದು ಒಂದು ಕಲ್ಲಿನ ಮೇಲೆ ಕೂತು, "ಹೆಂಗಾತ್ರಿ ಇದು?" ಅಂದರು. ಇಷ್ಟು ಕಳಕಳಿಯಿಂದ ಕೇಳುವವರು ಆ ಗೈಡಿಗೆ ಮೊದಲು ಸಿಕ್ಕಿರಲಿಕ್ಕಿಲ್ಲ. ಹುರುಪಿನಿಂದ ರಾಜರು, ಯುದ್ಧ, ಬೆಂಕಿ ಎಲ್ಲ ಹೇಳಿದರು.

"ಭಾಳ ದಿವಸ ನರಳಿತೇನ್ರಿ?"

"ತಿಂಗಳುಗಟ್ಟಲೆ ಸುಟ್ಟರಂತೆ ಅಮ್ಮಾ."

"ಶಿವನ. ನೀವು ಮನ್ಯಾವ್ರೇನು?"

"ಅಲ್ಲಮ್ಮ, ನಾನು ಗೈಡು."

"ಇರಲಿ, ಹತ್ತರದವ್ರು ಇದ್ದಂಗ ಕಾಣ್ತೀರಿ. ಮನಸ್ಸು ಗಟ್ಟಿ ಮಾಡ್ಕೋರಿ. ಋಣ ಅಷ್ಟ ಇತ್ತು ಅನಬೇಕು." ಹೀಗೆ ಹೇಳಿ ಅವರ ಕೈಗೆ ಮೊಸರನ್ನದ ಡಬ್ಬಿ ಕೊಟ್ಟರು. ಗೈಡು ಡಬ್ಬಿ ಹಿಡಿದು ಒಮ್ಮೆ ನನ್ನನ್ನು, ಒಮ್ಮೆ ನನ್ನ ಗಂಡನನ್ನು ನೋಡಿದರು. ನನ್ನ ಗಂಡ ಆ ಹೊತ್ತಿಗೆ ಒಂದು ಕಂಬದ ಹಿಂದೆ ಹೋಗಿ ಶಿಲ್ಪಕಲೆಯಲ್ಲಿ ಬಹಳ ಆಸಕ್ತಿ ತೋರಿಸುತ್ತಿದ್ದರು. ಜತ್ತಿನಲ್ಲಿ ನಮ್ಮದು ಸಿಮೆಂಟು-ಕಬ್ಬಿಣದ ಅಂಗಡಿ. ಹೊಸ ಮನೆ ಕಟ್ಟುವವರಿಂದ ನಮ್ಮ ಹೊಟ್ಟೆ ತುಂಬುವುದು, ನಮ್ಮತ್ತೆಯ ಕಣ್ಣು ತುಂಬುವುದು ಮಾತ್ರ ಬಿದ್ದ ಮನೆಗಳಿಗೆ!

"ಯವ್ವಾ, ಇದು ಬಿದ್ದು ನೂರಾರು ವರ್ಷ ಆತು," ಎಂದು ಗಂಡ ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದರು.

"ಇಷ್ಟ ವರ್ಷದಾಗ ಒಬ್ರೂ ಮಾತಾಡ್ಸಿಲ್ಲಲ್ಲೋ. ಅದಕ್ಕ ಹಿಂಗ ಐತಿ," ಅಂದರು ಅತ್ತೆ.

ಅವತ್ತು ಹೊಸಪೇಟೆಯ ಲಾಡ್ಜಿಗೆ ಮರಳಿದಾಗ ಇನ್ನೊಂದು ಪ್ರಸಂಗ. ಸಾವಿನ ಮನೆಯಿಂದ ಬಂದವರು ಜಳಕ ಮಾಡದೆ ಒಳಗೆ ಹೋಗಬಾರದಲ್ಲ? ನಮ್ಮನ್ನೆಲ್ಲ ಲಾಡ್ಜಿನ ಮೆಟ್ಟಿಲ ಮೇಲೆ ನಿಲ್ಲಿಸಿ, ಒಂದು ಬಕೆಟ್ ನೀರು ಹೊರಗೆ ತಂದುಕೊಡಿ ಎಂದು ಮ್ಯಾನೇಜರಿಗೆ ಹೇಳಿದರು. ಆತ ಗಾಬರಿಯಿಂದ, "ಯಾರು ತೀರ್ಕೊಂಡ್ರಮ್ಮ?" ಎಂದ. ನಮ್ಮತ್ತೆ ಕೈಯನ್ನು ಹಂಪಿಯ ದಿಕ್ಕಿಗೆ ತೋರಿಸಿ, "ಇಡೀ ಊರಿಗ್ ಊರ ಹೋಗೇತಿ," ಅಂದರು. ಆತ ಟೀವಿ ಹಚ್ಚಿ ಸುದ್ದಿ ಹುಡುಕತೊಡಗಿದ. ನಾನು ಸೆರಗು ಮುಖದ ಮೇಲೆಳೆದುಕೊಂಡು ಮೆಟ್ಟಿಲ ಮೇಲೇ ಕೂತೆ.

ವಿಜಯಪುರದ ಬಾರಾ ಕಮಾನಿನ ಮುಂದೆ ಮಾತ್ರ ಅವರು ಏನನ್ನೂ ಕೇಳಲಿಲ್ಲ. ಕಟ್ಟುತ್ತಿದ್ದಂತೆಯೇ ನಿಂತುಹೋದ ಕಟ್ಟಡ ಅದು ಎಂದು ಮಗಳು ಓದಿ ಹೇಳಿದ್ದೇ ತಡ, ನೆಲದ ಮೇಲೆ ಕುಸಿದು ಕೂತುಬಿಟ್ಟರು. ಬಾಳಿ ಬದುಕಿ ಬಿದ್ದದ್ದಾದರೆ ಮುದುಕರ ಸಾವು, ಸಮಾಧಾನ ಹೇಳಬಹುದು. ಇದು ಹರೆಯದ ಸಾವು, ಏನೆಂದು ಹೇಳುವುದು? ಅಲ್ಲಿದ್ದ ಪ್ರವಾಸಿಗರು ನೀರಿನ ಬಾಟಲಿ ಹಿಡಿದು ಓಡಿ ಬಂದರು. ಬಿಪಿ ಇಳಿದಿದೆ ಎಂದು ನಾನು ಸುಳ್ಳು ಹೇಳಿದೆ. "ಯಾಕ ಸುಳ್ಳ ಹೇಳ್ತಿ? ನನ್ನ ಬಿಪಿ ಚಲೋ ಐತಿ," ಎಂದು ಅವರು ಎಲ್ಲರ ಎದುರಿಗೇ ನನ್ನ ಮಾನ ಕಳೆದರು.

ಇವೆಲ್ಲ ಪರವೂರಿನ ನಾಚಿಕೆಗಳು. ಪರವೂರಿನ ನಾಚಿಕೆ ಬಸ್ಸು ಹತ್ತುವವರೆಗೆ ಮಾತ್ರ. ನಿಜವಾಗಿ ನನ್ನ ಜೀವ ಬಾಯಿಗೆ ಬಂದದ್ದು ನಮ್ಮದೇ ತಾಲ್ಲೂಕಿನಲ್ಲಿ, ಮಗಳ ಸಂಬಂಧ ಕೂಡಿಬರುವ ಹೊತ್ತಿನಲ್ಲಿ.

ಮಗಳು ಫಾರ್ಮಸಿ ಓದಿದ್ದಾಳೆ. ಮಿರಜಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ಹುಡುಗನ ಮನೆಯಿಂದ ಕೇಳಿಕೊಂಡು ಬಂದಿದ್ದರು. ಹುಡುಗ, ಅವನ ತಂದೆ, ತಾಯಿ ಮೂವರೇ. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿಬಿಟ್ಟಿದ್ದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹುಡುಗನ ತಂದೆ ನಿವೃತ್ತ ಬ್ಯಾಂಕ್ ಅಧಿಕಾರಿ, ಮಾತುಗಾರರು, ಕೊರಳಲ್ಲಿ ಯಾವಾಗಲೂ ಕ್ಯಾಮೆರಾ. ಅವರದೂ ಒಪ್ಪಿಗೆಯೇ. ಇನ್ನೂ ಬಾಯಿ ಬಿಡದವರು ಹುಡುಗನ ತಾಯಿ. ಬಂದಾಗಿನಿಂದ ಹೌದು, ಅಲ್ಲ, ಬೇಕು, ಸಾಕು ಇಷ್ಟರಲ್ಲೇ ಮುಗಿಸುತ್ತಿದ್ದರು. ಮಾತು ಬೆಳೆಸೋಣವೆಂದು, "ಅಕ್ಕಾರ, ನಿಮ್ಮ ತವರು ಯಾವುದ್ರಿ?" ಎಂದು ಕೇಳಿದ್ದೆ. "ಇಲ್ಲೇ, ಯಳವಿ," ಎಂದವರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದರು. ನಮ್ಮ ಮನೆ ಅವರ ಮನಸ್ಸಿಗೆ ಬರಲಿಲ್ಲವೆಂದು ನನಗೆ ಅವತ್ತು ಊಟ ರುಚಿಸಲಿಲ್ಲ. ಮಗಳಂತೂ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಮಮ್ಮಿ, ಅವರ ಆಯಿ ಹೂಂ ಅಂದ್ರ ಸಾಕು," ಅಂದಳು. ಅವಳು ಹಾಗೆ ನನ್ನ ಕೈ ಹಿಡಿದು ವರ್ಷಗಳಾಗಿದ್ದವು.

ರಾತ್ರಿ ಅವರು ನಮ್ಮಲ್ಲೇ ಉಳಿದಿದ್ದರು. ಮರುದಿನ ಬೆಳಿಗ್ಗೆ ಹುಡುಗನ ತಂದೆ, "ದರಿಬಡಚಿ ರಸ್ತೆದಾಗ ಒಂದು ಹಳೇ ಕಲ್ಲಿನ ಗುಡಿ ಐತ್ಯಂತಲ್ರಿ, ನೋಡಿ ಬರೂಣು," ಅಂದರು. ನಾನು ಗಂಡನ ಮುಖ ನೋಡಿದೆ, ಗಂಡ ನನ್ನ ಮುಖ ನೋಡಿದರು. ನಮ್ಮತ್ತೆ ಆಗಲೇ ಒಳಗೆ ಹೋಗಿ ಬುತ್ತಿ ಕಟ್ಟುತ್ತಿದ್ದರು.

ಸಾವಿನ ಮನೆಗೆ ಒಯ್ಯುವ ಬುತ್ತಿ ಹೇಗಿರುತ್ತದೆ ಗೊತ್ತೇ? ಒಗ್ಗರಣೆ ಇಲ್ಲ, ಕರಿದದ್ದಿಲ್ಲ, ಸಿಹಿಯ ಮಾತೇ ಇಲ್ಲ. ರೊಟ್ಟಿ, ಸಪ್ಪನೆ ಬೇಳೆ, ಅನ್ನ, ಮುಗಿಯಿತು. ಮಗಳನ್ನು ನೋಡಲು ಬಂದವರಿಗೆ ಇದನ್ನು ಬಡಿಸುವುದೇ! ನಾನು ಕಳ್ಳತನದಿಂದ ಶೇಂಗಾ ಹೋಳಿಗೆ ಮತ್ತು ಚಕ್ಕಲಿಯನ್ನು ಒಂದು ಚೀಲಕ್ಕೆ ತುಂಬಿ ಗಾಡಿಯ ಹಿಂದೆ ಇಟ್ಟೆ. ಅತ್ತೆಗೆ ಮೊದಲೇ ಕೈಮುಗಿದು ಕೇಳಿಕೊಂಡೂ ಇದ್ದೆ. "ಇವತ್ತೊಂದ ದಿವಸ ಸುಮ್ನ ಇರ್ರಿ ಅತ್ತಿ. ಅವರ ಮುಂದ ನಗೆಪಾಟಲ ಆಗೂದು ಬ್ಯಾಡ."

"ನಾ ಎಲ್ಲಿ ಮಾತಾಡ್ತೀನಿ?" ಅಂದರು. ಅವರ ಪ್ರಕಾರ ಅದು ನಿಜವೇ ಇದ್ದೀತು.

ಗುಡಿ ರಸ್ತೆಯಿಂದ ಸ್ವಲ್ಪ ಒಳಗೆ, ಹೊಲಗಳ ನಡುವೆ ಇತ್ತು. ಮುಂದಿನ ಮಂಟಪ ಕುಸಿದು ಕಲ್ಲಿನ ರಾಶಿಯಾಗಿತ್ತು, ಗರ್ಭಗುಡಿಯೊಂದು ನಿಂತಿತ್ತು, ಅದರ ತಲೆಯ ಮೇಲೆ ಜಾಲಿಗಿಡ ಬೆಳೆದಿತ್ತು. ಗಾಡಿ ಇಳಿಯುತ್ತಲೇ ಚಕ್ಕಲಿಯ ಚೀಲ ಸದ್ದು ಮಾಡಿತು. ಅತ್ತೆ ಅದರ ಬಾಯಿ ಬಿಚ್ಚಿ ನೋಡಿದರು.

"ಸತ್ತ ಮನಿಗಿ ಹೋಳಿಗಿ ಒಯ್ತಿಯೇನು? ಹಿರ್ಯಾರು ಕಲಿಸಿದ್ದು ಇದನ?" ಹುಡುಗನ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಹೋಳಿಗೆಯನ್ನು ಮತ್ತೆ ಗಾಡಿಯೊಳಗೆ ಇಟ್ಟೆ. ಜೊತೆಗೆ ನಾನೂ ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಚಲೋ ಅನಿಸಿತು.

ಅಷ್ಟರಲ್ಲಿ ಹುಡುಗ, ಹುಡುಗಿ ಇಬ್ಬರೂ ಒಂದು ಮುರಿದ ಆನೆಯ ಪಕ್ಕ ನಿಂತು ನಗುತ್ತ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. "ಅಳಿಯದೇವ್ರು ಹಲ್ಲು ಒಳಗ ಇಟ್ಕೊಂಡ್ರ ಚಲೋ," ಎಂದು ಅತ್ತೆ ಕೂಗಿ ಹೇಳಿದರು. ಒಂದೇ ಮಾತಿನಲ್ಲಿ ಎರಡು ಅನಾಹುತ! ಬೈದದ್ದು ಒಂದು, ಇನ್ನೂ ಗೊತ್ತಾಗದ ಸಂಬಂಧದಲ್ಲಿ ಅಳಿಯನೆಂದು ಕರೆದದ್ದು ಇನ್ನೊಂದು. ಹುಡುಗ ಫೋನನ್ನು ಕಿಸೆಗೆ ಹಾಕಿ ಶಾಲೆಯ ಹುಡುಗನಂತೆ ಕೈಕಟ್ಟಿ ನಿಂತ. ಮಗಳ ಕಣ್ಣು ನನ್ನನ್ನು ಸುಡುತ್ತಿತ್ತು. ಅವನ ತಾಯಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ಇದು ಹೇಮಾಡಪಂತಿ ಗುಡಿ," ಎಂದು ಹುಡುಗನ ತಂದೆ ಶುರು ಮಾಡಿದರು. ಕಲ್ಲನ್ನು ಕಲ್ಲಿನ ಮೇಲೆ ಹೇಗೆ ಕೂಡಿಸಿದ್ದಾರೆ, ಸುಣ್ಣ ಏಕೆ ಬೇಕಾಗಿಲ್ಲ, ಯಾವ ಕಾಲದ್ದು ಎಂದೆಲ್ಲ ವಿವರಿಸುತ್ತ ಸುತ್ತಲೂ ಫೋಟೋ ತೆಗೆದರು. ನನ್ನ ಗಂಡ ಹೂಂ ಹೂಂ ಎನ್ನುತ್ತ ಅವರನ್ನು ಆದಷ್ಟು ದೂರ ಒಯ್ಯಲು ನೋಡುತ್ತಿದ್ದರು.

ಪಕ್ಕದ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು, ಮುಸಲ್ಮಾನರ ಮನೆಯವರು, ನಮ್ಮನ್ನು ನೋಡಿ ಒಂದು ಕೊಡ ನೀರು ತಂದರು. ಅತ್ತೆ ಅವರ ಕೈಹಿಡಿದು ಕೂಡಿಸಿ, "ಹೆಂಗಾತ್ರೆವ್ವಾ ಇದು?" ಅಂದರು. ಮುಗಿಯಿತು ಅಂದುಕೊಂಡೆ. ಆದರೆ ಆ ಹೆಂಗಸು ಒಂದಿಷ್ಟೂ ಆಶ್ಚರ್ಯಪಡದೆ ಸೆರಗು ಸರಿಮಾಡಿಕೊಂಡು, "ಏನ್ ಹೇಳ್ಲಿ ಅಕ್ಕಾ, ನಾ ಲಗ್ನ ಆಗಿ ಬರೂದರಾಗ ಅರ್ಧ ಹೋಗಿತ್ತು. ಹೆಂಗಾತು ಅಂತ ನಮ್ಮ ಸಾಸೂನೂ ಹೇಳಲಿಲ್ಲ," ಎಂದು ನಿಟ್ಟುಸಿರುಬಿಟ್ಟರು. ಒಬ್ಬರಿದ್ದವರು ಇಬ್ಬರಾದರು! ನಾನು ಟವೆಲ್ಲು ಹುಡುಕಿದೆ.

ನೀರು ಕೊಟ್ಟ ಹೆಂಗಸು ಹೊಲಕ್ಕೆ ಮರಳಿದರು. ಅತ್ತೆ ಗರ್ಭಗುಡಿಯ ಹೊಸ್ತಿಲ ಬಳಿ ಬುತ್ತಿ ಇಟ್ಟು, ಅಲ್ಲೇ ಗೋಡೆಗೆ ಒರಗಿ ಕೂತರು. ಒಳಗಿನ ಕತ್ತಲಿಗೆ ಮುಖ ಮಾಡಿ, ಎಂದಿನಂತೆ ಮೆಲ್ಲಗೆ ಕೇಳಿದರು.

"ಯಾವಾಗಾತು ಯಪ್ಪಾ ಇದು?"

"ಹೋದ ಶ್ರಾವಣದಾಗ."

ಮಾತು ಬಂದದ್ದು ನಮ್ಮ ಬೆನ್ನ ಹಿಂದಿನಿಂದ. ಹುಡುಗನ ತಾಯಿ ಯಾವಾಗ ಅಲ್ಲಿಗೆ ಬಂದು ನಿಂತಿದ್ದರೋ ನಾವ್ಯಾರೂ ನೋಡಿರಲಿಲ್ಲ.

"ಏ, ಶ್ರಾವಣ ಎಲ್ಲಿದು? ಇದು ಬಿದ್ದು ಶತಮಾನ ಆಗ್ಯಾವ," ಎಂದು ಅವರ ಗಂಡ ಕ್ಯಾಮೆರಾದಿಂದ ಕಣ್ಣು ತೆಗೆಯದೆ ತಿದ್ದಿದರು.

"ಗುಡೀದು ಅಲ್ಲ. ನಮ್ಮ ಯಳವಿ ಮನೀದು."

ಅತ್ತೆ ಸ್ವಲ್ಪ ಸರಿದು ಹೊಸ್ತಿಲ ಬಳಿ ಜಾಗ ಮಾಡಿದರು. ಹುಡುಗನ ತಾಯಿ ಬಂದು ಕೂತರು. ಕೂತ ಮೇಲೆ ತಲೆಯ ಮೇಲೆ ಸೆರಗು ಹೊದ್ದುಕೊಂಡರು.

"ಹೆಂಗಾತು?"

"ತಮ್ಮಗೋಳು ಪಾಲ ಮಾಡ್ಕೊಂಡು ಕೆಡವಿದ್ರು. ನನಗ ಒಂದ ಮಾತು ತಿಳಸಲಿಲ್ಲ. ಎಂದಿನ್ಹಂಗ ಪಂಚಮಿಗಿ ಉಂಡಿ ಡಬ್ಬಿ ತಗೊಂಡು ಎಸ್ಟಿ ಬಸ್ಸ ಇಳದ್ನಿ. ಮನಿ ಇದ್ದಲ್ಲಿ ಬಯಲಿತ್ತು. ಯಾರ ಮನಿಗಿ ಹೋಗ್ಲಿ? ಬಂದ ಬಸ್ಸಿಗೇ ಹೊಳ್ಳಿ ಬಂದ್ನಿ." ಗಂಡನ ಕಡೆ ನೋಡದೆ ಹೇಳಿದರು. "ಮನ್ಯಾಗ ಹೇಳಿದ್ರ, ಹಳೇ ಮಣ್ಣಿನ ಮನಿ, ಹೋದ್ರ ಹೋತು ಅಂದ್ರು. ಯಾರರ ಸತ್ರ ಜನ ಮಾತಾಡ್ಸಾಕ ಬರ್ತಾರ. ತವರಮನಿ ಬಿದ್ರ ಯಾರು ಬರ್ತಾರ್ರಿ?"

"ನಾವು ಬಂದೇವಲ್ಲ," ಅಂದರು ನಮ್ಮತ್ತೆ.

ಆ ಹೆಂಗಸು ಅಳುವುದಕ್ಕೆ ಶುರು ಮಾಡಿದರು. ನಮ್ಮತ್ತೆ ಸಮಾಧಾನ ಮಾಡಲು ಹೋಗಲಿಲ್ಲ. ಬೆನ್ನ ಮೇಲೆ ಕೈಯಿಟ್ಟು, ಸತ್ತವರ ಬಗ್ಗೆ ಕೇಳುವ ಹಾಗೆಯೇ ಒಂದೊಂದಾಗಿ ಕೇಳಿದರು. ಪಡಸಾಲಿ ಎಷ್ಟು ಅಂಕಣದ್ದಿತ್ತು? ಕಂಬ ಯಾವ ಕಟ್ಟಿಗೆಯವು? ಬೇವಿನವು, ನಮ್ಮಪ್ಪ ಎಣ್ಣೆ ಹಚ್ಚಿ ಹಚ್ಚಿ ಕರ್ರಗೆ ಮಾಡಿದ್ದ. ಹಗೇವು ಇತ್ತೇನು? ಇತ್ತು, ನಾನು ಸಣ್ಣಾಕಿ ಅಂತ ನನ್ನನ್ನೇ ಒಳಗೆ ಇಳಿಸಿ ಜೋಳ ತೆಗೆಸುತ್ತಿದ್ದರು, ಒಳಗಿಂದ ಕೂಗಿದರೆ ನಮ್ಮವ್ವ ಮೇಲಿಂದ ಓ ಅನ್ನುತ್ತಿದ್ದಳು. ಎರಡು ದಿನದಲ್ಲಿ ಹೌದು-ಅಲ್ಲ ಬಿಟ್ಟು ಬೇರೆ ಆಡದ ಹೆಂಗಸು ಮನೆಯ ಒಂದೊಂದು ಮೂಲೆಯನ್ನೂ ಎತ್ತಿ ಎತ್ತಿ ನಮ್ಮತ್ತೆಯ ಮಡಿಲಿಗೆ ಹಾಕಿದರು.

ಅವರ ಗಂಡ ಕ್ಯಾಮೆರಾ ಕೆಳಗಿಳಿಸಿ, ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಬೂಟು ನೋಡುತ್ತಿದ್ದರು. ನಾನೂ ನೋಡಲಾಗದೆ ಮುಖ ತಿರುಗಿಸಿದೆ. ತವರು ಯಾವುದೆಂದು ಕೇಳಿದಾಗ ಅವರು ಎದ್ದು ಹೋದದ್ದು ನನ್ನ ಮನೆ ಸೇರದೆ ಅಂದುಕೊಂಡಿದ್ದೆನಲ್ಲ, ಅದಕ್ಕೆ ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಮುಖ ಮುಚ್ಚಿಕೊಂಡ ನಾಚಿಕೆಗಳೆಲ್ಲ ಇದರ ಮುಂದೆ ಏನೂ ಅಲ್ಲ.

ಆಮೇಲೆ ಎಲ್ಲರೂ ಅಲ್ಲೇ ಕೂತು ಸಪ್ಪನೆಯ ಬೇಳೆ, ರೊಟ್ಟಿ ತಿಂದೆವು. ಹುಡುಗನ ತಂದೆ ಎರಡು ಸಲ ಹಾಕಿಸಿಕೊಂಡರು, ಉಪ್ಪು ಕೂಡ ಕೇಳಲಿಲ್ಲ.

ಸಂಜೆ ಅವರು ಮಿರಜಿಗೆ ಹೊರಟಾಗ ಹುಡುಗನ ತಾಯಿ ನಮ್ಮ ಅಂಗಳದಲ್ಲಿ ನನ್ನ ಕೈ ಹಿಡಿದು ನಿಂತರು. "ಹುಡುಗಿ ನನಗ ಒಪ್ಪಿಗಿ ಐತಿ. ಆದ್ರ ಒಂದು ಕರಾರು." ಬಾಗಿಲ ಹಿಂದೆ ನಿಂತ ಮಗಳ ಬಳೆ ಸದ್ದು ನಿಂತಿತು.

"ಲಗ್ನ ಆದ ಮ್ಯಾಲೆ ಪಂಚಮಿಗಿ ಆಕೀನ ತವರಿಗೆ ಕರ್ಕೊಂಡು ಬರ್ತೀರಿ. ಆಕೀ ಹಿಂದ ನಾನೂ ಬರ್ಲೇನ್ರಿ?"

ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಕ್ಕಳನ್ನು ಕರೆದು ತರುವುದು ನಮ್ಮಲ್ಲಿ ರೂಢಿ. ಅತ್ತೆಯೂ ಸೊಸೆಯೂ ಒಂದೇ ತವರಿಗೆ ಬಂದದ್ದನ್ನು ಯಾರೂ ಕೇಳಿಲ್ಲ. ಕಟ್ಟೆಯ ಮೇಲೆ ಕೂತಿದ್ದ ನಮ್ಮತ್ತೆ ಉತ್ತರ ಕೊಟ್ಟರು.

"ಆಕೀ ಹಿಂದ ಯಾಕ? ನನ್ನ ಮಗ ಮೊದಲ ನಿನ್ನ ಕರೀತಾನ, ಆಮ್ಯಾಲ ಆಕೀನ."

ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ವಾದಿಸುವ ನನ್ನ ಗಂಡ ನೆಲ ನೋಡುತ್ತ ನಿಂತಿದ್ದರು. ಅವರಿಗೆ ಒಡಹುಟ್ಟಿದವರಿಲ್ಲ, ಯಾರನ್ನೂ ಹೀಗೆ ಕರೆಯಲು ಹೋದವರಲ್ಲ. ಆಮೇಲೆ ತಲೆಯೆತ್ತಿ, "ಬರ್ತೀನಕ್ಕಾ," ಅಂದರು.

ಮದುವೆಯಾಯಿತು. ಮೊನ್ನೆ ಬಂದದ್ದು ಮೊದಲ ಪಂಚಮಿ. ಗಂಡ ಅಂಗಡಿ ಮುಚ್ಚಿ ಬೆಳಿಗ್ಗೆಯೇ ಮಿರಜಿಗೆ ಹೋದರು. ನಾನು ಉಂಡೆ ಕಟ್ಟುತ್ತ, ಬೀಗತಿಗೆ ಯಾವ ಕೋಣೆ ಕೊಡಬೇಕು, ಬೀಗರಂತೆ ಉಪಚಾರ ಮಾಡಬೇಕೋ ಮನೆಮಗಳಂತೆ ಕೆಲಸ ಹಚ್ಚಬೇಕೋ ಎಂದು ಗೊತ್ತಾಗದೆ ಒಳಗೆ ಹೊರಗೆ ತಿರುಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಾರು ಬಂದು ಬಾಗಿಲಲ್ಲಿ ನಿಂತಿತು. ಮಗಳು ಇಳಿದು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿದಳು.

ಬೀಗತಿ ಇಳಿಯಲಿಲ್ಲ. ಮಡಿಲಲ್ಲಿ ಡಬ್ಬಿ ಹಿಡಿದುಕೊಂಡು, ಕಿಟಕಿಯಿಂದ ನಮ್ಮ ಮನೆಯ ಬಾಗಿಲನ್ನು, ಗೋಡೆಯನ್ನು, ಮಾಳಿಗೆಯನ್ನು ನೋಡುತ್ತ ಹಾಗೇ ಕೂತಿದ್ದರು. ಕರೆಯಲು ನಾನು ಹೋಗುವಷ್ಟರಲ್ಲಿ ನಮ್ಮತ್ತೆ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ ಕಾರಿನ ಬಾಗಿಲು ತೆಗೆದರು.

"ಇಳಿ ಯವ್ವಾ," ಅಂದರು. "ಮನಿ ಬಂತು."